ಎರಡು ಗುಡ್ಡೆ ಉಣ್ಣೆ

“ಬಾಯಾರ, ಆ ಉಣ್ಣಿ ಮುಟ್ಟಬ್ಯಾಡ್ರಿ. ಅದು ಬಿದ್ದದ್ದಲ್ಲ, ಇಟ್ಟದ್ದು.”

ಹಾಲಿನ ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದ ಜಮುನಾಬಾಯಿ ಇಷ್ಟು ಹೇಳುವಷ್ಟರಲ್ಲಿ ಸ್ವಪ್ನಾಳ ಕೈ ಆಗಲೇ ಉಣ್ಣೆಯ ಮೇಲಿತ್ತು. ಹಳಿಯಾಳ ಪೇಟೆಯ ಅಂಚಿನಿಂದ ಕಾಡಿನ ಬದಿಯ ಹಳ್ಳಿಗೆ ಹೋಗುವ ಮಣ್ಣುದಾರಿ ಅದು. ದಾರಿಯ ಈ ಬದಿಗೆ ಮುತ್ತುಗದ ಮರದ ಬುಡದಲ್ಲಿ ಒಂದು ಗುಡ್ಡೆ ಕಪ್ಪು ಉಣ್ಣೆ, ಆ ಬದಿಗೆ ಸರಿಯಾಗಿ ಅದರೆದುರು ಇನ್ನೊಂದು ಗುಡ್ಡೆ. ಎರಡರ ಮೇಲೂ ಒಂದೊಂದು ಕಲ್ಲು ಹೇರಿದ್ದರು. ಯಾರೋ ಒಂದೇ ಕುರಿಮರಿಯ ಉಣ್ಣೆ ಕತ್ತರಿಸಿ ಎರಡು ಪಾಲು ಮಾಡಿದ್ದು ನೋಡಿದರೇ ತಿಳಿಯುತ್ತಿತ್ತು. ಹತ್ತಿರ ಬಗ್ಗಿದರೆ ಕುರಿಯ ಜಿಡ್ಡಿನ ವಾಸನೆ, ಲೋಬಾನದ ಘಾಟು, ಅದರ ಅಡಿಯಲ್ಲಿ ಕೆರೆಯ ಪಾಚಿಯ ವಾಸನೆ.

ಬೇರೆ ಯಾರೇ ಆಗಿದ್ದರೂ ಕೈ ಹಿಂದೆಗೆದು ಮುಂದೆ ನಡೆಯುತ್ತಿದ್ದರು. ಸ್ವಪ್ನಾ ಹಾಗೆ ನಡೆಯುವವಳಲ್ಲ. ಗಂಡ ವೀರೇಶನಿಗೆ ಹಳಿಯಾಳದ ಕಾಲೇಜಿಗೆ ವರ್ಗವಾಗಿ ಮೈಸೂರಿನಿಂದ ಬಂದಾಗ ಅವಳು ಲಾರಿಯಿಂದ ಮೊದಲು ಇಳಿಸಿದ್ದು ಒಲೆಯನ್ನಲ್ಲ, ತನ್ನ ನೂಲುವ ಕದಿರು ಮತ್ತು ಹೆಣಿಗೆ ಕಡ್ಡಿಗಳ ಚೀಲವನ್ನು. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತ ಹುಚ್ಚು ಅದು. ಉಣ್ಣೆ ತೊಳೆಯುವುದು, ಹಿಂಜುವುದು, ನೂಲುವುದು, ಹೆಣೆಯುವುದು, ಎಲ್ಲ ಮನೆಯಲ್ಲೇ. ಮಾರಾಟದ ಮಾತೇ ಇಲ್ಲ. ವೀರೇಶನ ಬಳಿ ಮೂಲೆಗೆ ಬಿದ್ದ ಮಫ್ಲರುಗಳ ರಾಶಿಯಿತ್ತು, ಐದು ವರ್ಷದ ಮಗಳು ಇಂಚರಳ ಬೊಂಬೆಗೂ ಕುಲಾವಿಯಿತ್ತು. ಇಂಥವಳ ಕಣ್ಣಿಗೆ ರೇಷ್ಮೆಯಷ್ಟು ನುಣುಪಾದ ಕುರಿಮರಿಯ ಮೊದಲ ಉಣ್ಣೆ ದಾರಿಯ ಮೇಲೆ ಕಂಡರೆ ಗತಿಯೇನು?

ಯಾರು ಇಟ್ಟದ್ದು ಎಂದು ಕೇಳಿದಳು. ತಮ್ಮ ಮನೆಯವರೇ ಎಂದಳು ಜಮುನಾಬಾಯಿ. ಯಾಕೆ ಎಂದರೆ ಮುದುಕಿ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ನೆಲ ನೋಡುತ್ತ ನಿಂತಳು.

ಸ್ವಪ್ನಾ ನಕ್ಕಳು. “ಇಟ್ಟವರು ಬಂದು ಕೇಳಿದರೆ ಸ್ವೆಟರ್ ಹೆಣೆದು ವಾಪಸ್ ಕೊಡ್ತೀನಿ ಬಿಡಿ.”

ಈ ಬದಿಯ ಗುಡ್ಡೆಯನ್ನು ಚೀಲಕ್ಕೆ ತುಂಬಿದಳು. ದಾರಿ ದಾಟಿ ಆ ಬದಿಯದನ್ನೂ ಅದೇ ಚೀಲಕ್ಕೆ ತುರುಕಿದಳು. ತಿರುಗಿ ನೋಡಿದಾಗ ಜಮುನಾಬಾಯಿ ದಾರಿ ಬಿಟ್ಟು ಹೊಲದೊಳಗೆ ಇಳಿದು, ಹಾಲು ತುಳುಕುತ್ತಿದ್ದರೂ ಲೆಕ್ಕಿಸದೆ ಸರಸರ ನಡೆಯುತ್ತಿದ್ದಳು. ಮರುದಿನದಿಂದ ಅವಳು ಹಾಲು ತರಲಿಲ್ಲ.

ಉಣ್ಣೆಯನ್ನು ಅಂಟುವಾಳದ ಬಿಸಿನೀರಿನಲ್ಲಿ ನೆನೆಹಾಕಿದಾಗ ನೀರು ಹಸಿರುಗಪ್ಪಾಯಿತು. ಚೆಲ್ಲಿ ಹೊಸ ನೀರು ಹಾಕಿದಳು, ಅದೂ ಹಸಿರಾಯಿತು. ಕುರಿ ಎಲ್ಲೋ ಕೆರೆಗೆ ಬಿದ್ದಿರಬೇಕೆಂದು ತಾನೇ ಸಮಾಧಾನ ಹೇಳಿಕೊಂಡಳು. ಒಣಗಿತೆನ್ನಿಸಿದ ಮೇಲೆ ಎರಡೂ ಪಾಲನ್ನು ಬೆರೆಸಿ, ನಾಯಿಯ ಕೂದಲು ಬಾಚುವ ಎರಡು ಬ್ರಷ್ಷುಗಳ ನಡುವೆ ಎಳೆ ಎಳೆಯಾಗಿ ಬಾಚಿದಳು. ಯಾವ ಎಳೆ ಯಾವ ಬದಿಯದೆಂದು ಇನ್ನು ಬ್ರಹ್ಮನಿಗೂ ಹೇಳಲಾಗುತ್ತಿರಲಿಲ್ಲ.

ಆಮೇಲೆ ನೂಲಲು ಕೂತಳು. ನೂಲುವವರು ಕದಿರನ್ನು ಬರಿದು ಮಾಡುವುದಿಲ್ಲ. ಹಳೆಯ ನೂಲಿನ ಒಂದು ಗೇಣು ತುಂಡು ಅದರ ಮೇಲೆ ಉಳಿದೇ ಇರುತ್ತದೆ, ಹೊಸ ಉಣ್ಣೆಯನ್ನು ಅದಕ್ಕೆ ಕೂಡಿಸಿ ಶುರುಮಾಡಬೇಕು. ನೂಲು ನಡುವೆ ಕಡಿದರೂ ಗಂಟು ಹಾಕುವುದು ಸ್ವಪ್ನಾಳಿಗೆ ಅವಮಾನ. ಎರಡು ತುದಿಗಳನ್ನು ಬಿಡಿಸಿ, ಒಂದರ ಮೇಲೊಂದಿಟ್ಟು, ನಾಲಿಗೆಯಿಂದ ಎಂಜಲು ತಗುಲಿಸಿ, ಅಂಗೈಗಳ ನಡುವೆ ಬಿಸಿಯಾಗುವ ತನಕ ಉಜ್ಜುತ್ತಿದ್ದಳು. ಉಣ್ಣೆ ಉಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಎಳೆದರೂ ಬಿಡುವುದಿಲ್ಲ. ಈ ಉಣ್ಣೆ ಮತ್ತೆ ಮತ್ತೆ ಕಡಿಯಿತು. ಮತ್ತೆ ಮತ್ತೆ ಅವಳು ನಾಲಿಗೆಗೆ ತಾಗಿಸಿದಳು. ಬಾಯಲ್ಲಿ ಕೆಸರಿನ ರುಚಿ ಉಳಿಯುತ್ತಿತ್ತು.

ಕೊನೆಗೆ ಪದ್ಧತಿಯಂತೆ ಒಂದು ಗೇಣು ಕರಿನೂಲನ್ನು ಕದಿರಿನ ಮೇಲೇ ಬಿಟ್ಟು, ಉಳಿದದ್ದನ್ನು ಉಂಡೆ ಮಾಡಿ ಇಂಚರಳಿಗೆ ತುಂಬುತೋಳಿನ ಸ್ವೆಟರ್ ಹೆಣೆದಳು. ನೂಲಿನ ತುದಿಯನ್ನು ಹೆಣಿಗೆಯೊಳಗೆ ಎಷ್ಟು ನಾಜೂಕಾಗಿ ಅಡಗಿಸಿದಳೆಂದರೆ, ಹುಡುಕಿ ಕೊಟ್ಟರೆ ಹತ್ತು ರೂಪಾಯಿ ಎಂದು ಗಂಡನಿಗೆ ಪಂಥ ಹಾಕಿದಳು. ವೀರೇಶ ಸೋತ. ಇಂಚರ ಸ್ವೆಟರ್ ತೊಟ್ಟು ಅಂಗಳದಲ್ಲಿ ಗಿರಗಿರನೆ ತಿರುಗಿದಳು. ಆ ಸಂತೋಷ ನೋಡಿದ್ದರೆ ಯಾರಿಗಾದರೂ ಸ್ವಪ್ನಾಳನ್ನು ಕ್ಷಮಿಸಬೇಕೆನ್ನಿಸುತ್ತಿತ್ತು.

ಮೊದಲು ಗಮನಕ್ಕೆ ಬಂದದ್ದು ತೇವ. ಸ್ವೆಟರ್ ಒಣಗುತ್ತಲೇ ಇರಲಿಲ್ಲ. ಸುಡುವ ಬಿಸಿಲಿಗೆ ಹಾಕಿ ಮಧ್ಯಾಹ್ನ ಮುಟ್ಟಿದರೂ ತೋಳಿನ ತುದಿ ಒದ್ದೆ, ಮೂಗಿಗೆ ಹಿಡಿದರೆ ಪಾಚಿ. ಆಮೇಲೆ ಕೂಗು. ದೀಪ ಹಚ್ಚುವ ಹೊತ್ತಿಗೆ ಹೊರಗಿನಿಂದ ಯಾವುದೋ ಮಗು “ಅವ್ವಾ” ಎನ್ನುತ್ತಿತ್ತು. ಅಕ್ಕಪಕ್ಕದ ಮನೆಯದೆಂದು ಸ್ವಪ್ನಾ ಬಿಟ್ಟಳು. ಅಕ್ಕಪಕ್ಕದಲ್ಲಿ ಅಷ್ಟು ಸಣ್ಣ ಮಕ್ಕಳಿಲ್ಲ ಎಂದು ನೆನಪಾದದ್ದು ತಡವಾಗಿ. ಒಂದು ಸಂಜೆ ಬಾಗಿಲು ತೆರೆದಾಗ ಅಂಗಳದ ಕಲ್ಲಿನ ಮೇಲೆ ಪುಟ್ಟ ಒದ್ದೆ ಹೆಜ್ಜೆಗಳಿದ್ದವು. ಹೊಸ್ತಿಲ ತನಕ ಬಂದು ಅಲ್ಲೇ ನಿಂತಿದ್ದವು, ಹಿಂದಕ್ಕೆ ಹೋದ ಗುರುತಿರಲಿಲ್ಲ.

ಇಂಚರಳಿಗೆ ಕೆಮ್ಮು ಹತ್ತಿತು. ಮೈಯಲ್ಲಿ ಜ್ವರವಿಲ್ಲ, ಬದಲಿಗೆ ಕೈಕಾಲು ಮಂಜು. ಚಳಿ ಎಂದು ಸ್ವೆಟರ್ ಬಿಡಳು. ಬಿಡಿಸಹೋದರೆ ಎರಡೂ ಕೈ ಕಟ್ಟಿಕೊಂಡು ಕೂರುತ್ತಿದ್ದಳು. ಇದರೊಳಗೆ ಇನ್ನೊಬ್ಬಳಿದ್ದಾಳೆ, ಅವಳಿಗೂ ಚಳಿ ಎಂದಳು. ವೀರೇಶ ನಗಿಸಲು ನೋಡಿದ. ಸ್ವಪ್ನಾಳಿಗೆ ಮಾತ್ರ ಈ ಸಲ ನಗು ಬರಲಿಲ್ಲ.

ಹುಟ್ಟಿದಾಗಿನಿಂದ “ಅಮ್ಮ” ಎನ್ನುತ್ತಿದ್ದ ಮಗು ಒಂದು ಮಧ್ಯಾಹ್ನ ಉಣ್ಣುತ್ತ ಉಣ್ಣುತ್ತ ತಲೆಯೆತ್ತಿ, ತನ್ನದಲ್ಲದ ದನಿಯಲ್ಲಿ, “ಅವ್ವಾ, ನೀರು ಭಾಳ ಐತಿ” ಎಂದಿತು. ಆಮೇಲೆ ಕೆಮ್ಮಿತು. ತಟ್ಟೆಯ ಅನ್ನದ ಮೇಲೆ ಬಿದ್ದದ್ದು ಹಸಿರು ನೀರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಜಮುನಾಬಾಯಿಯ ಸೊಸೆ ಸುಮನ. ಹಾಲು ತಂದವಳಲ್ಲ, ಬರಿಗೈಯಲ್ಲಿ ಬಂದಿದ್ದಳು. ಸ್ವಪ್ನಾ ಉಣ್ಣೆ ಎತ್ತಿಕೊಂಡದ್ದನ್ನು ಬಚ್ಚಿಟ್ಟಿದ್ದ ಅತ್ತೆ ಕೊನೆಗೂ ಸೊಸೆಗೆ ಹೇಳಿದ್ದಳು. ಸುಮನಳ ಕಣ್ಣು ಸ್ವಪ್ನಾಳನ್ನು ದಾಟಿ, ಒಳಗೆ ಗೋಡೆಗೊರಗಿ ಕೂತಿದ್ದ ಇಂಚರಳ ಮೈಮೇಲಿನ ಕರಿ ಸ್ವೆಟರಿನ ಮೇಲೆ ನಿಂತಿತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊಸ್ತಿಲ ಮೇಲೇ ಕೂತಳು.

ಅವಳಿಗೊಬ್ಬ ಮಗಳಿದ್ದಳು, ತುಳಜಾ. ಇಂಚರಳಷ್ಟೇ ದೊಡ್ಡವಳು. ಕೆರೆಯ ಕೆಸರಿನಲ್ಲಿ ಸಿಕ್ಕಿದ ಕರಿ ಮರಿಯನ್ನು ಎಳೆಯಹೋಗಿ ಮುಳುಗಿದಳು. ಮರಿ ದಡಕ್ಕೆ ಬಂತು, ಕೂಸು ಜೀವಂತ ಬರಲಿಲ್ಲ. ಸಣ್ಣ ಮಕ್ಕಳು ಸತ್ತರೆ ತಾಯಿಯ ಹಂಬಲಕ್ಕೆ ಮನೆಬಾಗಿಲಿಗೆ ಬಂದು ಬಂದು ನಿಲ್ಲುತ್ತವೆ ಎಂದು ಅವರ ಮನೆತನದಲ್ಲಿ ನಂಬಿಕೆ. ಅದಕ್ಕೊಂದು ಶಾಸ್ತ್ರ. ಮರಿಯ ಉಣ್ಣೆಯನ್ನು ಉದ್ದಕ್ಕೆ ಹೊಸೆದು, ಒಂದು ತುದಿಯನ್ನು ಸತ್ತ ಕೂಸಿನ ಎದೆಗೆ, ಇನ್ನೊಂದನ್ನು ತಾಯಿಯ ಮಡಿಲಿಗೆ ಹಾಕಿ, ಮಂತ್ರ ಹೇಳಿ ನಡುವೆ ಕತ್ತರಿಸುತ್ತಾರೆ. ಎರಡು ಪಾಲನ್ನೂ ದಾರಿಯ ಆಚೆ ಈಚೆ ಇಡುತ್ತಾರೆ. ನಡುವೆ ದಾರಿ ಇರುವ ತನಕ ಕೂಸು ತಾಯಿಯನ್ನು ಮರೆತು ತನ್ನ ಪಾಡಿಗೆ ಹೋಗುತ್ತದೆ. ತಾಯಿ ಮಾತ್ರ ಮರೆಯುವುದಿಲ್ಲ, ಅದಕ್ಕೆ ಶಾಸ್ತ್ರವಿಲ್ಲ.

“ನನ್ನ ಮರೀಲಿ ಅಂತ ನಾನ ಅಲ್ಲಿ ಇಟ್ಟು ಬಂದೇನ್ರಿ,” ಎಂದಳು ಸುಮನ. “ನೀವು ಎರಡೂ ಕೂಡಿಸಿದ್ರಿ. ಯಾರ ಎಂಜಲು ಹಚ್ಚಿ ಕೂಡಿಸಿದ್ರಿ?”

ಸ್ವಪ್ನಾಳ ಬಾಯಲ್ಲಿ ಆ ಕೆಸರಿನ ರುಚಿ ಮತ್ತೆ ಬಂತು.

ಸುಮನ ಬಯ್ಯಲಿಲ್ಲ. ಸಂಜೆಯ ತನಕ ಇಲ್ಲೇ ಕೂತಿರುತ್ತೇನೆ, ಒಂದು ಸಲ ಅದರ ದನಿ ಕೇಳುತ್ತೇನೆ ಎಂದಷ್ಟೇ ಬೇಡಿಕೊಂಡಳು. ಸಂಜೆ ದೀಪ ಹಚ್ಚಿದರು. ಹೊರಗಿನಿಂದ “ಅವ್ವಾ” ಎಂಬ ಕೂಗು ಬಂತು. ಸುಮನ ಬಾಗಿಲಿಗೆ ಓಡಿದಳು. ತುಳಜಾ, ನಾನು ಇಲ್ಲಿದ್ದೇನೆ, ಬಾ ಎಂದು ಕತ್ತಲಿಗೆ ಎರಡೂ ಕೈ ಚಾಚಿದಳು. ಕೂಗು ನಿಂತಿತು. ಗುರುತಿಲ್ಲದವರನ್ನು ಕಂಡ ಮಕ್ಕಳು ಸುಮ್ಮನಾಗುವಂತೆ ಸುಮ್ಮನಾಯಿತು. ಸುಮನ ಸೋತು ಪಕ್ಕಕ್ಕೆ ಸರಿದಳು. ಆಗ ಮತ್ತೆ ಬಂತು, ಈ ಸಲ ಹೊಸ್ತಿಲ ಹತ್ತಿರದಿಂದ, ಸ್ವಪ್ನಾಳ ಕಡೆಗೆ. “ಅವ್ವಾ.”

ಹೆತ್ತವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಂಥ ಅಳುವನ್ನು ಸ್ವಪ್ನಾ ಯಾರ ಬಾಯಲ್ಲೂ ಕೇಳಿರಲಿಲ್ಲ, ಮುಂದೆ ಎಂದೂ ಮರೆಯುವಂತೆಯೂ ಇರಲಿಲ್ಲ.

ಅಂದು ಇಂಚರ ನಿದ್ದೆ ಹೋದ ಮೇಲೆ ಸ್ವಪ್ನಾ ಹೇಗೋ ಸ್ವೆಟರ್ ಬಿಡಿಸಿ ಹಿತ್ತಿಲ ತಂತಿಗೆ ಹಾಕಿದಳು. ಮಾರನೆಯ ಮಧ್ಯಾಹ್ನ ಮಗುವನ್ನು ವೀರೇಶನಿಗೆ ಒಪ್ಪಿಸಿ, ಸುಮನಳ ಜೊತೆ ಭೋಜಪ್ಪನಲ್ಲಿಗೆ ಹೋದಳು. ಆ ಶಾಸ್ತ್ರ ಮಾಡಿಸಿದ್ದವನು ಅವನೇ. ಸಿಡುಕ. ಪೇಟೆಗೆ ಅಷ್ಟು ಹತ್ತಿರ ಇಟ್ಟವರಿಗೆ ಬುದ್ಧಿಯಿಲ್ಲ, ಎತ್ತಿಕೊಂಡವರಿಗೆ ಮೊದಲೇ ಇಲ್ಲ ಎಂದು ಇಬ್ಬರಿಗೂ ಸೇರಿಸಿ ಬೈದ. ಆಮೇಲೆ ಒಲೆಯ ಬೂದಿಯಲ್ಲಿ ಬೆರಳಾಡಿಸಿ ಎರಡು ಗೆರೆ ಎಳೆದ.

ಹೆಣೆದ ಕೈಯಿಂದಲೇ ಬಿಚ್ಚಬೇಕು ಎಂದ. ಕೊನೆಯ ಕುಣಿಕೆಯಿಂದ ಶುರುಮಾಡಿ ಮೊದಲ ಕುಣಿಕೆಯ ತನಕ ಬಿಚ್ಚಿ, ಎರಡು ಉಂಡೆ ಸುತ್ತಿ ತರಬೇಕು. ಮಂತ್ರ ಹೇಳಿ ಮತ್ತೆ ದಾರಿಯ ಎರಡು ಬದಿಗೆ ಇಡುತ್ತಾನೆ. ಹಾಗೆ ಮಾಡಿದರೆ ಯಾರಿಗೂ ಏನೂ ಆಗದು.

“ಖರೇ ಒಂದು ಮಾತು ನೆನಪಿಡ್ರಿ. ಕೂಸಿನ ಮೈಮ್ಯಾಲ ಇದ್ದಾಗ ಅದಕ್ಕ ಕತ್ತರಿ ಹಾಕಬ್ಯಾಡ್ರಿ. ಹಾಕಿದ್ರ, ತೊಟ್ಟ ಕೂಸು ತಾಯೀನ ಮರೀತೈತಿ. ಆ ಉಣ್ಣಿಗೆ ನಾವು ಕಲಿಸಿದ್ದು ಅದನ್ನ.”

ಬಿಚ್ಚುವುದು ತಾನೇ, ಎಷ್ಟರ ಕೆಲಸ ಎಂದುಕೊಂಡಳು ಸ್ವಪ್ನಾ. ತುದಿ ಎಲ್ಲಿದೆಯೆಂದು ಜಗತ್ತಿನಲ್ಲಿ ತನಗೊಬ್ಬಳಿಗೇ ಗೊತ್ತು. ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಬೀದಿಗೆ ಬೀದಿಯೇ ಕರೆಂಟು ಹೋಗಿತ್ತು. ಅಂಗಳದಲ್ಲಿ ಒದ್ದೆ ಹೆಜ್ಜೆಗಳಿದ್ದವು. ಈ ಸಲ ಅವು ಹೊಸ್ತಿಲಲ್ಲಿ ನಿಂತಿರಲಿಲ್ಲ.

ಹಿತ್ತಿಲ ತಂತಿ ಖಾಲಿ.

ಮಗು ಚಳಿ ಚಳಿ ಎಂದು ಅತ್ತದ್ದಕ್ಕೆ ಸ್ವೆಟರನ್ನು ಯಾರು ತೊಡಿಸಿದರೆಂದು ಇಂದಿಗೂ ಸ್ಪಷ್ಟವಿಲ್ಲ. ವೀರೇಶ ತಾನಲ್ಲ ಎನ್ನುತ್ತಾನೆ. ಅವನು ಕೋಣೆಯ ನಡುವೆ ಮಂಡಿಯೂರಿ, ಮಗಳ ಕುತ್ತಿಗೆಯಲ್ಲಿ ಬೆರಳು ತೂರಿಸಲು ಹೆಣಗುತ್ತಿದ್ದ. ಸ್ವೆಟರಿನಿಂದ ನೀರು ಸುರಿಯುತ್ತಿತ್ತು. ಉಣ್ಣೆ ನೀರಲ್ಲಿ ನೆನೆಸಿ ತಿಕ್ಕಿದರೆ ಕುಗ್ಗುತ್ತದೆ, ಎಳೆಗೆ ಎಳೆ ಅಂಟಿ ಕಂಬಳಿಯಂತೆ ಗಟ್ಟಿಯಾಗುತ್ತದೆ. ಅದು ಸ್ವಪ್ನಾಳಿಗೆ ಗೊತ್ತಿತ್ತು. ಕಣ್ಣೆದುರೇ ಕುಗ್ಗುವುದನ್ನು ಮಾತ್ರ ನೋಡಿರಲಿಲ್ಲ. ತೋಳು ಮೊಣಕೈಗೇರಿತ್ತು. ಕೊರಳು ಬಿಗಿದಿತ್ತು. ಎದೆ ಬಿಗಿದಿತ್ತು.

ತುದಿ. ಎಡ ಬಗಲಿನ ಒಳಗೆ. ಅಲ್ಲಿಯೇ ಅಡಗಿಸಿದ್ದಳು. ಬೆರಳಿಟ್ಟಳು. ಸಿಗಲಿಲ್ಲ. ಉಗುರಿನಿಂದ ಕೆರೆದಳು. ಸಿಗಲಿಲ್ಲ. ಹಲ್ಲಿನಿಂದ ಕಚ್ಚಿದಳು. ಬಾಯಿ ತುಂಬ ಕೆರೆಯ ನೀರು. ಕುಣಿಕೆ ಕುಣಿಕೆಗೆ ಅಂಟಿತ್ತು. ತುದಿಯೆಂಬುದೇ ಇರಲಿಲ್ಲ. ಗಂಡನಿಗೆ ಪಂಥ ಹಾಕಿದವಳು ತಾನೇ ಸೋತಿದ್ದಳು.

ಇಂಚರಳ ತುಟಿ ನೀಲಿಯಾಯಿತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಗಂಟಲಲ್ಲಿ ನೀರು ಗುಳುಗುಳು ಎಂದಿತು. ವೀರೇಶ ಏನೋ ಕೂಗುತ್ತಿದ್ದ. ಸ್ವಪ್ನಾಳ ಕೈ ಹೆಣಿಗೆ ಚೀಲದೊಳಗೆ ಹೋಯಿತು. ಕತ್ತರಿ ಸಿಕ್ಕಿತು. ಭೋಜಪ್ಪನ ಮಾತು ನೆನಪಿತ್ತು. ಅಕ್ಷರ ಅಕ್ಷರ ನೆನಪಿತ್ತು.

ಮಗುವಿನ ಕಣ್ಣು ಒಂದು ಕ್ಷಣ ಕೆಳಗಿಳಿದು ಅವಳನ್ನು ನೋಡಿತು. “ಅಮ್ಮ,” ಎಂದಿತು. ತನ್ನದೇ ದನಿ.

ಸ್ವಪ್ನಾ ಅದನ್ನು ಕಿವಿಯಲ್ಲಿ ತುಂಬಿಕೊಂಡಳು. ಕತ್ತರಿ ಹಾಕಿದಳು.

ಕೆಳಗಿನಿಂದ ಕೊರಳ ತನಕ. ಉಣ್ಣೆ ಕತ್ತರಿಸುವ ಸದ್ದಲ್ಲ, ಯಾರೋ ದೂರದಲ್ಲಿ ಬಿಕ್ಕಿದ ಸದ್ದು. ಸ್ವೆಟರ್ ಎರಡು ಹೋಳಾಗಿ ಆಚೆ ಈಚೆ ಬಿತ್ತು. ಇಂಚರ ಬೊಗಸೆಗಟ್ಟಲೆ ನೀರು ಕಾರಿ, ಉಸಿರೆಳೆದು, ಕೂಗಿ ಅತ್ತಳು. ಸ್ವಪ್ನಾ ಅವಳನ್ನು ಬಾಚಿ ಎದೆಗೊತ್ತಿಕೊಂಡಳು. ಮೈ ಬೆಚ್ಚಗಿತ್ತು. ಮಗು ಎರಡೂ ಕೈಯಿಂದ ಅವಳ ಎದೆಯನ್ನು ದೂಡುತ್ತ, ಅಪ್ಪನ ಕಡೆಗೆ ವಾಲುತ್ತ, ಬಿಡಿಸಿಕೊಳ್ಳಲು ಒದ್ದಾಡಿತು.

“ಅಪ್ಪಾ, ಇವರು ಯಾರು?”

ಧಾರವಾಡದ ಡಾಕ್ಟರು ಭಯದಿಂದ ಹೀಗಾಗುವುದುಂಟು, ದಿನ ಕಳೆದಂತೆ ಸರಿಹೋಗುತ್ತದೆ ಎಂದರು. ಸರಿಹೋಗಲಿಲ್ಲ. ಇಂಚರಳಿಗೆ ಮೈಸೂರಿನ ಮನೆ ನೆನಪಿತ್ತು, ಅಜ್ಜಿ ನೆನಪಿತ್ತು, ಬೊಂಬೆಯ ಹೆಸರು ನೆನಪಿತ್ತು. ಅವಳ ನೆನಪಿನ ಪ್ರತಿಯೊಂದು ಚಿತ್ರದಿಂದಲೂ ಅಮ್ಮನ ಮುಖ ಮಾತ್ರ ಅಳಿಸಿತ್ತು. ಒಳ್ಳೆಯ ಮಗು, ಸ್ವಪ್ನಾಳಿಗೆ ಮರ್ಯಾದೆ ಕೊಡುತ್ತಿತ್ತು, ತುತ್ತು ಕೊಟ್ಟರೆ ಥ್ಯಾಂಕ್ಸ್ ಹೇಳುತ್ತಿತ್ತು. ಒಂದು ದಿನ ತಲೆ ಬಾಚಿಸಿಕೊಳ್ಳುತ್ತ, “ಆಂಟಿ, ನಮ್ಮಮ್ಮ ಯಾವಾಗ ಬರ್ತಾರೆ?” ಎಂದು ಕೇಳಿತು. ಸ್ವಪ್ನಾ ಜಡೆ ಮುಗಿಸಿ, ರಿಬ್ಬನ್ ಕಟ್ಟಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ಕತ್ತರಿಸಿದ ಹೋಳುಗಳನ್ನು ಭೋಜಪ್ಪ ದೂರದ ಕಾಡುದಾರಿಗೆ ಒಯ್ದು ಎರಡು ಬದಿಗೆ ಹೂತ. ಮಗಳ ನೆನಪು ತಿರುಗಿ ಬರುವುದಿಲ್ಲವೇ ಎಂದು ಸ್ವಪ್ನಾ ಅವನ ಕಾಲು ಹಿಡಿದಳು. ಸಿಡುಕು ಮುದುಕ ಈ ಸಲ ಬೈಯಲಿಲ್ಲ.

“ಸತ್ತವರ ಸಲುವಾಗಿ ಇದ್ದದ್ದು ಅದು, ತಾಯಿ. ಜೀವಂತ ಇದ್ದವರಿಗೆ ತಿರುಗಿ ಹೆಂಗ ಕೂಡಿಸೂದು ಅಂತ ನಮಗ ಯಾರೂ ಹೇಳಿಲ್ಲ.”

ಆ ದಾರಿಯ ತನಕ ಸುಮನಳೂ ಬಂದಿದ್ದಳು. ಮರಳುವಾಗ ತನ್ನ ಕೂಸಿಗೆ ಈಗಲಾದರೂ ನಿದ್ದೆ ಬಂದಿರಬಹುದು ಎಂದು ಸ್ವಪ್ನಾಳ ಕೈ ಹಿಡಿದು ಹೇಳಿದಳು. ಇಬ್ಬರೂ ಹಾಗೇ ಕೈ ಹಿಡಿದುಕೊಂಡು ಬಹಳ ದೂರ ನಡೆದರು.

ಮಗು ಅಮ್ಮ ಬೇಕೆಂದು ಹಟಮಾಡಿ ಊಟ ಬಿಟ್ಟ ಮೇಲೆ ವೀರೇಶ ರಜೆ ಹಾಕಿ ಅವಳನ್ನು ಮೈಸೂರಿಗೆ ಅಜ್ಜಿಯ ಬಳಿಗೆ ಕರೆದೊಯ್ದ. ಸ್ವಲ್ಪ ದಿನ ಅಷ್ಟೇ ಎಂದ. ಬಸ್ಸಿನ ಕಿಟಕಿಯಿಂದ ಇಂಚರ ಕೈ ಬೀಸಿದಳು, ಓಣಿಯ ಒಳ್ಳೆಯ ಹೆಂಗಸೊಬ್ಬಳಿಗೆ ಬೀಸುವ ಹಾಗೆ. ಬಸ್ಸು ತಿರುವಿನಲ್ಲಿ ಮರೆಯಾದರೂ ಸ್ವಪ್ನಾ ಕೈ ಇಳಿಸಲಿಲ್ಲ.

ಮನೆಗೆ ಬಂದು ಎಲ್ಲ ಕಟ್ಟಿಡಲು ಕೂತಳು. ಕಡ್ಡಿ, ಬ್ರಷ್ಷು, ಉಳಿದ ಬಿಳಿ ಉಣ್ಣೆ. ಇನ್ನು ಈ ಜನ್ಮದಲ್ಲಿ ನೂಲು ಮುಟ್ಟುವುದಿಲ್ಲ ಎಂದು ಕದಿರನ್ನು ಎತ್ತಿದಾಗ ಕೈ ತೇವವಾಯಿತು. ಕದಿರಿನ ಮೇಲೆ ಒಂದು ಗೇಣು ಕರಿನೂಲು ಸುತ್ತಿಕೊಂಡಿತ್ತು. ಮುಂದಿನ ಸಲಕ್ಕೆಂದು ತಾನೇ ಬಿಟ್ಟದ್ದು. ಭೋಜಪ್ಪನಿಗೆ ಹೇಳಲು ನೆನಪಾಗಿರಲಿಲ್ಲ, ಅವನಿಗೆ ಕೇಳಲು ಗೊತ್ತಿರಲಿಲ್ಲ.

ಹೊರಗೆ ಬೆಳಕು ಆರುತ್ತಿತ್ತು. ಅಂಗಳದಲ್ಲಿ ಪಾಚಿಯ ವಾಸನೆ ಎದ್ದಿತು.

“ಅವ್ವಾ.”

ಸ್ವಪ್ನಾ ಕತ್ತರಿ ಕೈಗೆತ್ತಿಕೊಂಡಳು. ಒಂದೇ ಒಂದು ಕತ್ತರಿ ಏಟು. ಆ ಕೂಸು ಬಿಡುಗಡೆಯಾಗಿ ಹೋಗುತ್ತದೆ. ಅದನ್ನು ಮಾಡುವುದು ಸುಮನಳಿಗೆ ಸಲ್ಲಬೇಕಾದ ನ್ಯಾಯ, ಅವಳ ಕೈಯ ಬಿಸಿ ಇನ್ನೂ ತನ್ನ ಅಂಗೈಯಲ್ಲಿದೆ. ಎಲ್ಲ ಗೊತ್ತಿತ್ತು. ಕತ್ತರಿಯ ಬಾಯಿ ತೆರೆದು ನೂಲಿನ ಮೇಲಿಟ್ಟಳು.

“ಅವ್ವಾ, ಚಳಿ ಆಗತೈತಿ.”

ಈ ಲೋಕದಲ್ಲಿ ಇನ್ನು ಬೇರೆ ಯಾರೂ ಅವಳನ್ನು ಹಾಗೆ ಕರೆಯುವವರಿಲ್ಲ. ಸ್ವಪ್ನಾ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಬಿಳಿ ಉಣ್ಣೆಯ ಒಂದು ಹಿಡಿ ಬಿಡಿಸಿ, ಕರಿನೂಲಿನ ತುದಿಗೆ ಹಿಡಿದು, ನಾಲಿಗೆಗೆ ತಾಗಿಸಿ, ಅಂಗೈಗಳ ನಡುವೆ ಬಿಸಿಯಾಗುವ ತನಕ ಉಜ್ಜಿದಳು. ಎಳೆದು ನೋಡಿದಳು, ಬಿಡಲಿಲ್ಲ. ಎದ್ದು ಹೋಗಿ ಬಾಗಿಲ ಅಗುಳಿ ತೆಗೆದಳು.

“ಬಾ ಮಗಳೇ,” ಎಂದಳು. “ಒಳಗೆ ಬಾ.”